ಬಂದರೂ ಬರಬಹುದಾದ ಬಸ್ಸು

ರಂಗೂನು, ಕೊಲಂಬೊ ಎಲ್ಲ ಸುತ್ತಿ ಬಂದವಳು ನಾನು. ಆದರೂ ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಹೋಗುವಾಗ ಆದಷ್ಟು ಸುಸ್ತು ಯಾವ ಹಡಗಿನಲ್ಲೂ ಆಗಿರಲಿಲ್ಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದಾಕ್ಷಿಣ್ಯದ ಮಾತು. ಮಳವಳ್ಳಿ ಹೆಂಗಸರಿಗೆ ವಾರವಾರ ಇಂಗ್ಲಿಷ್ ಕಲಿಸಲು ಹೊರಟ ನನಗೆ ಪಾಠಕ್ಕಿಂತ ಬಸ್‌ಸ್ಟ್ಯಾಂಡಿನ ಪ್ರಸಂಗಗಳೇ ಹೆಚ್ಚು ದಕ್ಕಿದವು.

ಒಂದು ಮಾತು ಸಾಕು

ಮದ್ದೂರಿನ ಬಸ್ ಏಜೆಂಟ್ ಒಂದು ಬೆಳಿಗ್ಗೆ ನನ್ನ ಜಗಲಿಗೆ ಬಂದು ಕೂತ. ಇನ್ನೊಂದು ದೂರು ಬಂದರೆ ಕೆಲಸದಿಂದ ತೆಗೆಯುತ್ತೇನೆಂದು ಬಸ್ಸಿನ ಸಾಹುಕಾರರು ಹೇಳಿದ್ದರಂತೆ.

"ಬತ್ತದೆ ಅಂದ್ರೆ ಬರೋಗಂಟ ಬೈತಾರೆ ಅಮ್ಮಾವ್ರೆ. ಬರಕಿಲ್ಲ ಅಂದ್ರೆ, ಸುಬಕಾರ್ಯಕ್ಕೆ ಒಂಟೋರಿಗೆ ಅಪಸಕುನ ನುಡೀತೀಯಾ ಅಂತ ಒಡಿಯಕ್ಕೇ ಬತ್ತಾರೆ. ಯಾರ್ ಕೈಗೂ ಸಿಕ್ದಂಗೆ ಇಂಗ್ಲೀಸಲ್ಲಿ ಒಂದ್ ಮಾತು ಯೋಳ್ಕೊಡಿ."

ಹೇಳಿಕೊಟ್ಟೆ. ತಿರುವಿನಲ್ಲಿ ಹೊಗೆ ಕಂಡರೆ 'ಮಸ್ಟ್'. ಡ್ರೈವರು ಎದ್ದಿದ್ದಾನೆಂದು ಸುದ್ದಿ ಬಂದರೆ 'ಮೇ'. ಏನೂ ತಿಳಿಯದಿದ್ದರೆ 'ಮೈಟ್'.

ಅವನು ಸ್ವಲ್ಪ ಯೋಚಿಸಿ, "ಮೈಟ್ ಒಂದೇ ಸಾಕು ಬುಡಿ. ಮಿಕ್ಕವು ಕರ್ಚಾಗಕಿಲ್ಲ" ಅಂದ.

ಹೆಣ್ಣು ನೋಡಲು ಹೊರಟವರು

ಅದೇ ವಾರ ಸೋಮನಹಳ್ಳಿಯಿಂದ ಒಂದು ಗುಂಪು ಮಳವಳ್ಳಿ ಕಡೆ ಹೆಣ್ಣು ನೋಡಲು ಹೊರಟಿತ್ತು. ಮದ್ದೂರು ಸ್ಟ್ಯಾಂಡಿನಲ್ಲಿ ನನ್ನ ಜೊತೆ ಅವರೂ ಕಾದರು. ಬಿಸಿಲೇರಿತು, ಬಸ್ಸಿಲ್ಲ. ಗುಂಪಿನ ಯಜಮಾನಿ ಸೆರಗು ಬಿಗಿದು ಏಜೆಂಟನ ಮುಂದೆ ನಿಂತರು. ಅವನು ಟೋಪಿ ಸರಿಮಾಡಿಕೊಂಡು, "ಇಟ್ ಮೈಟ್ ಕಮ್" ಅಂದ. ಸರ್ಕಾರಿ ಹುಕುಂ ಕೇಳಿದವರಂತೆ ಎಲ್ಲರೂ ತೆಪ್ಪಗೆ ಕೂತರು.

ಯಜಮಾನಿ ನನ್ನ ಪಕ್ಕಕ್ಕೆ ಸರಿದು ಅವನು ಏನಂದನೆಂದು ಕೇಳಿದರು. ಬಂದರೂ ಬರಬಹುದು ಅಂದ ಎಂದೆ.

"ಅಷ್ಟೇಯಾ? ಅದ್ನ ಕನ್ನಡದಲ್ಲಿ ಅಂದಿದ್ರೆ ಬೆನ್ನಿಗೆ ಬಾರಿಸ್ತಿದ್ದೆ ಕಣವ್ವ."

ಬಡ್ತಿ

ಆಮೇಲೆ ದೂರುಗಳೇ ನಿಂತುಹೋದವು. ಬಸ್ಸು ಮಾತ್ರ ಮೊದಲಿನಷ್ಟೇ ನಿಲ್ಲುತ್ತಿತ್ತು. ಸಾಹುಕಾರರು ಖುಷಿಯಾಗಿ, ಜಗಳ ಇನ್ನೂ ಜೋರಾಗಿದ್ದ ಮಳವಳ್ಳಿ ಸ್ಟ್ಯಾಂಡಿಗೆ ಅವನನ್ನು ದೊಡ್ಡ ಏಜೆಂಟ್ ಮಾಡಿದರು. ಮಾರನೆಯ ದಿನ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ಆ ಕೆಲಸ ಬೇರೆಯವರಿಗೆ ಎಂದೂ ಹೇಳಿದರು.

ಮಾರನೆಯ ದಿನ ನಸುಕಿನಲ್ಲೇ ನಾನು ಎಂದಿನಂತೆ ಬಸ್ಸಿಗೆ ಕಾಯುತ್ತ ಕೂತಿದ್ದೆ. ನೋಡಿದರೆ ಏಜೆಂಟ್ ತನ್ನ ಟ್ರಂಕನ್ನು ಮಳವಳ್ಳಿ ಕಡೆ ಹೊರಟಿದ್ದ ಹುಲ್ಲಿನ ಗಾಡಿಗೆ ಏರಿಸುತ್ತಿದ್ದ. ನಿಮ್ಮದೇ ಬಸ್ಸು, ಕಾಸಿಲ್ಲದೆ ಹೋಗಬಹುದು, ಗಾಡಿ ಯಾಕಪ್ಪ ಎಂದೆ.

ಅವನು ಹುಲ್ಲಿನ ಮೇಲೆ ಸರಿಯಾಗಿ ಕೂತುಕೊಂಡು, "ತಮಾಸೆ ಮಾಡ್ಬ್ಯಾಡಿ ಅಮ್ಮಾವ್ರೆ. ನಾನು ಇವತ್ತು ನಿಜವಾಗ್ಲೂ ಓಗ್ಬೇಕು" ಅಂದ.