ಬಂಗಾರದ ಗಣಿಗೆ ಸವಣೂರಿನ ಎಲೆ

ಮಂದಿಗೆ ಮರ್ಯಾದೆ ಕೊಡುವುದರಲ್ಲಿ ನಮ್ಮ ಸವಣೂರಿನವರನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನನ್ನದು ವೀಳ್ಯದೆಲೆಯ ತೋಟ. ಬಾಯಿ ತೆರೆಯುವ ಮೊದಲೇ ಎದುರಿನವರ ಕೈಯಲ್ಲಿ ಎಲೆ-ಅಡಿಕೆ ಇಟ್ಟುಬಿಡುವುದು ನನ್ನ ಪದ್ಧತಿ. ಈ ಒಳ್ಳೆಯ ಪದ್ಧತಿಯೇ ಒಂದು ಮಧ್ಯಾಹ್ನದ ಮಟ್ಟಿಗೆ ನನ್ನನ್ನು ಬಂಗಾರದ ಗಣಿಯ ಧಣಿಯನ್ನಾಗಿ ಮಾಡಿತು!

ನನ್ನ ಹೆಂಡತಿ ನೀಲವ್ವ ಹುಟ್ಟಿದ್ದು ಗದಗಿನ ಆಚೆ, ಕಪ್ಪತಗುಡ್ಡದ ಬುಡದ ಗಣಿ ಊರಿನಲ್ಲಿ. ಅವಳಪ್ಪ ಅಲ್ಲಿ ಹಾಜರಿ ಬರೆಯುವ ಕಾರಕೂನ. ಬಂಗಾರ ಸಾಲದೆ ಬಿಳಿಯರು ಗಣಿ ಮುಚ್ಚಿ ಹೋದಾಗ, ಆತ ಪುಟ್ಟ ಮಗಳನ್ನು ಕರೆದುಕೊಂಡು ಶಿಗ್ಗಾವಿಗೆ ಬಂದ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಉಡಿ ತುಂಬಿಸಿಕೊಳ್ಳಲು ತವರಿಗೆ ಹೊರಡುತ್ತಿದ್ದರು. ಇವಳು ಬಾಗಿಲಲ್ಲಿ ನಿಂತು ಅವರ ಚಕ್ಕಡಿಗಳನ್ನು ನೋಡುತ್ತಿದ್ದಳು. ಒಂದು ವರ್ಷ ನನಗೆ ಅದನ್ನು ನೋಡುತ್ತ ಕೂರಲಾಗಲಿಲ್ಲ.

“ಈ ಸಲ ನಿನ್ನ ತವರಿಗೆ ನಾ ಕರಕೊಂಡು ಹೋಗ್ತೇನಿ” ಎಂದೆ.

“ಅಲ್ಲಿ ನನ್ನೋರು ಯಾರು ಅದಾರ್ರಿ? ಉಡಿ ತುಂಬೋರು ಯಾರು?”

“ನಾ ಇದ್ದೇನಲ್ಲ! ಮಂದಿನ್ನ ಹೆಂಗ ಮಾತಾಡಸಬೇಕು ಅನ್ನೂದು ನನಗ ಬಿಡು.”

ಬಿಟ್ಟಳು. ಅದೇ ತಪ್ಪಾಯಿತು.

ಮದುವೆಯ ಕೋಟು ತೊಟ್ಟು, ರುಮಾಲು ಸುತ್ತಿ, ಕೊಡೆ ಹಿಡಿದು, ಬುಟ್ಟಿ ತುಂಬ ಎಲೆಯೊಂದಿಗೆ ನೀಲವ್ವನನ್ನು ಕರೆದುಕೊಂಡು ಗದಗಿನವರೆಗೆ ರೈಲಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಸವಾರಿ ಮಾಡಿದೆ. ಊರಿನಲ್ಲಿ ಸೂರಿಲ್ಲದ ಬಂಗಲೆಗಳು, ಅವುಗಳೊಳಗೆ ಮೇಯುವ ಆಡುಗಳು. ಬೇವಿನ ಗಿಡದ ಕೆಳಗೆ ಹಿರಿಯರು ಕುಳಿತಿದ್ದರು. ಒಬ್ಬೊಬ್ಬರ ಕೈಗೂ ಎರಡೂ ಕೈಯಿಂದ ಎಲೆ-ಅಡಿಕೆ ಇಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಒಬ್ಬರ ಕಣ್ಣಲ್ಲಿ ನೀರು! ಸವಣೂರಿನ ಎಲೆಯ ಮಹಿಮೆ ಇಲ್ಲಿಯವರೆಗೂ ಹಬ್ಬಿದೆಯಲ್ಲ ಎಂದು ಉಬ್ಬಿಹೋದೆ. ಉಬ್ಬಿದವನು ಮನೆ ಮನೆಗೂ ಹೋಗಿ ಹಂಚಿದೆ.

“ನಮ್ಮ ಮನಿ ಎಲ್ಲಿತ್ತು ಅಂತ ಕೇಳ್ರಿ” ಎಂದು ನೀಲವ್ವ ಕೋಟು ಜಗ್ಗಿದಳು.

“ತಡಿ, ಮೊದಲು ಗಣಿ ನೋಡೂಣು. ಊರ ಮಂದಿಗೂ ಖುಷಿ ಆಗ್ತದ.”

ಗಣಿಯ ಬಾಯಿಯ ಹತ್ತಿರ ನಿಂತು ಒಳಗೆ ಇಣುಕಿದೆ. ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಆದರೂ ಕೊಡೆಯ ತುದಿಯಿಂದ ಒಂದು ಕಲ್ಲು ಕುಟ್ಟಿ, “ಕಲ್ಲು ಛಲೋ ಐತಿ” ಎಂದು ಗಂಭೀರವಾಗಿ ಅಭಿಪ್ರಾಯಪಟ್ಟೆ. ತಿರುಗಿ ನೋಡಿದರೆ ಊರಿಗೆ ಊರೇ ಹಿಂದೆ ನಿಂತಿದೆ! ಎಲ್ಲರ ಕೈಯಲ್ಲೂ ತುಕ್ಕು ಹಿಡಿದ ಹಾರೆ, ಗುದ್ದಲಿ, ಬುಟ್ಟಿ.

ಮುಂದೆ ನಿಂತಿದ್ದ ದ್ಯಾಮಜ್ಜ ಎಂಬ ಮುದುಕ ಕೇಳಿದ, “ಸಾಹೇಬ್ರ, ಕೆಲಸ ಯಾವಾಗ ಸುರು ಮಾಡಸ್ತೀರಿ?”

“ಯಾವ ಕೆಲಸ?”

“ಗಣೀದರಿ! ಆವಾಗ ಬಿಳಿ ಸಾಹೇಬ್ರೂ ಹಿಂಗ ಮನಿ ಮನಿಗೆ ವೀಳ್ಯ ಕೊಟ್ಟ ಆಳು ಹಿಡದಿದ್ರು. ವೀಳ್ಯ ಹಿಡದ ಮ್ಯಾಲ ಮಾತು ಮುಗದಂಗ. ನನ್ನ ಮಗಾ ಹೊಲದ ಕೂಲಿ ಬಿಟ್ಟು ಬಂದಾನ ನೋಡ್ರಿ.”

ನಾನು ಎಲೆಯ ಬುಟ್ಟಿಯನ್ನು ಮುಂದೆ ಹಿಡಿದೆ. “ನಾ... ನಾ ಎಲಿ ಮಾರಾಂವರಿ” ಎಂದೆ.

ದ್ಯಾಮಜ್ಜ ಬಾಯಲ್ಲಿದ್ದ ಎಲೆಯನ್ನು ಉಗುಳಿದ. “ನಮ್ಮ ಹೊಟ್ಟಿ ಜೋಡಿ ಹುಡುಗಾಟ ಆಡ್ತೀಯೇನಲೇ?”

ನಾನು ಸಾಹೇಬನಿಂದ ‘ಲೇ’ಗೆ ಇಳಿದಿದ್ದೆ. ಹಾರೆಗಳು ಮೇಲೇಳುವ ಲಕ್ಷಣ ಕಂಡಿತು. ಆತ್ಮರಕ್ಷಣೆಗಾಗಿ ಕೊಡೆ ಬಿಚ್ಚಿ ಅದರ ಹಿಂದೆ ಅಡಗಿದೆ!

ನೀಲವ್ವ ಸೆರಗು ಹೊದ್ದು ಮುಂದೆ ಬಂದಳು. “ಸಿಟ್ಟಾಗಬ್ಯಾಡ್ರಿ ಅಜ್ಜಾರ, ಇವರಿಗೆ ಏನೂ ತಿಳಿಯಂಗಿಲ್ಲ. ನಾ ಹಾಜರಿ ಬಸಪ್ಪನ ಮಗಳರಿ. ಹುಟ್ಟಿದ ಮನಿ ನೋಡಾಕ ಬಂದೇನಿ.”

ಗುಂಪಿನಲ್ಲಿದ್ದ ಒಬ್ಬ ಮುದುಕಿ ಬುಟ್ಟಿಯನ್ನು ಕೆಳಗೆಸೆದಳು. “ಯವ್ವಾ, ನೀಲೀನ ನೀನು? ನಿಮ್ಮವ್ವನ ಬಾಣಂತನ ಮಾಡಿದ ಫಕ್ಕೀರವ್ವ ಅದೇನಿ ನಾ!” ಎಂದು ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ನನ್ನ ಹೆಂಡತಿ ಮುದುಕಿಯನ್ನು ತಬ್ಬಿ ಸಣ್ಣ ಮಗುವಿನಂತೆ ಅತ್ತಳು. ಕೊಡೆಯ ಹಿಂದೆ ನಾನೂ ಅತ್ತೆ.

ಮನೆಯೆಂದು ಉಳಿದದ್ದು ಒಂದು ಹೊಸ್ತಿಲು ಮಾತ್ರ. ಫಕ್ಕೀರವ್ವ ಅದರ ಮೇಲೆ ಕಂಬಳಿ ಹಾಸಿ ಇವಳನ್ನು ಕೂರಿಸಿದಳು. ಆಗಷ್ಟೇ ಕೆಲಸದ ಆಸೆ ಹುಟ್ಟಿ, ಆಗಷ್ಟೇ ಅದನ್ನು ಕಳೆದುಕೊಂಡಿದ್ದ ಮಂದಿ, “ಹೆಣ್ಣುಮಗಳು ಬರೇ ಉಡೀಲೆ ಹೋಗಬಾರದು” ಎಂದು ಮನೆಗೊಂದು ಬೊಗಸೆ ಜೋಳ ತಂದರು. ಯಾರೋ ಕೊಬ್ಬರಿ ಬಟ್ಟಲು ತಂದರು, ಯಾರೋ ಪೆಟ್ಟಿಗೆಯ ತಳದಿಂದ ಕುಪ್ಪಸದ ಖಣ ತೆಗೆದು ತಂದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಡುವಾಗ ದ್ಯಾಮಜ್ಜನ ಕಾಲು ಮುಟ್ಟಿದೆ. “ಊರ ಅಳಿಯಾ ಅಂತ ಬಿಟ್ಟೇವಿ, ನಡಿ” ಎಂದ.

ಫಕ್ಕೀರವ್ವ ಇವಳ ಗದ್ದ ಹಿಡಿದು ಹೇಳಿದಳು, “ಇನ್ನ ವರ್ಷಾ ಪಂಚಮಿಗೆ ಬರಬೇಕ ನೋಡವಾ, ಇದು ನಿನ್ನ ತವರು. ಆದ್ರ ಮಗಳ, ಒಬ್ಬಾಕೀನ ಬಾ.”

ನನ್ನ ಹೆಂಡತಿ ನನ್ನತ್ತ ತಿರುಗಿಯೂ ನೋಡದೆ “ಹೂಂ” ಅಂದಳು!