ಗಂಡನನ್ನು ಹೊತ್ತವಳ ಅಧ್ಯಾಯ

ವಾಲ್ಬುರ್ಗಾ ಬರೆದ ಕಾದಂಬರಿಯಲ್ಲಿ ಗಿಸೆಲಾ ಎಂಬವಳು ಗಾಯಗೊಂಡ ಗಂಡನನ್ನು ದ್ರಾಕ್ಷಿ ಹೊರುವ ಬುಟ್ಟಿಯಲ್ಲಿ ಕೂರಿಸಿ, ಬೆನ್ನಿಗೇರಿಸಿಕೊಂಡು, ಉರಿಯುವ ಕೋಟೆಯಿಂದ ಕೆಳಗಿನ ಸೇತುವೆಯವರೆಗೆ ಇಳಿದುಬಂದದ್ದೇ ಆ ದಿನದ ತಾಪತ್ರಯಕ್ಕೆಲ್ಲ ಮೂಲ.

ಆರುನೂರು ವರ್ಷದ ಹಿಂದೆ ಇಳಿದವಳನ್ನು ವಿಚಾರಿಸಿಕೊಳ್ಳಲು ಆ ಕಾದಂಬರಿಯನ್ನು ಕಂತುಕಂತಾಗಿ ಅಚ್ಚು ಹಾಕಲಿದ್ದ ವಾರಪತ್ರಿಕೆಯ ಸಂಪಾದಕ ಕ್ನಾಪ್‌ಮನ್ ಬೆಳಗಿನ ಟಪಾಲು ಗಾಡಿಯಲ್ಲಿ ಪಟ್ಟಣದಿಂದ ಬಂದಿದ್ದ. ಮಡಚಿಟ್ಟ ಕೊಡೆಯಂಥ ಒಣಕಲು ಮನುಷ್ಯ.

"ಹೆಂಗಸು ಗಂಡಸನ್ನ ಹೊತ್ಲು ಅಂದ್ರೆ ಓದೋರು ನಗ್ತಾರೆ, ಫ್ರಾಯ್ಲೈನ್ ವಾಲ್ಬುರ್ಗಾ. ಒಬ್ಬ ರಾಜಕುಮಾರನ್ನ ಬಿಳಿ ಕುದುರೆ ಮೇಲೆ ಕರೆಸಿ. ಇಬ್ಬರನ್ನೂ ಎತ್ಕೊಂಡು ಹೋಗ್ಲಿ."

"ಕುದುರೆ ಹೊತ್ರೆ ನಗಲ್ವಾ?"

"ಕುದುರೆ ಇರೋದೇ ಅದಕ್ಕೆ."

ಹೆಂಗಸು ಗಂಡಸನ್ನು ಹೊರಬಲ್ಲಳೆಂದು ಸಂಜೆಯ ಗಾಡಿ ಹೊರಡುವುದರೊಳಗೆ ತನ್ನನ್ನು ನಂಬಿಸಿದರೆ ಸರಿ, ಇಲ್ಲವಾದರೆ ಕುದುರೆಯೇ ಗತಿ ಎಂದು ಹೇಳಿ ಅವನು ಊಟಕ್ಕೂ ದ್ರಾಕ್ಷಾರಸಕ್ಕೂ ಛತ್ರದ ಕಡೆ ನಡೆದ. ವಾಲ್ಬುರ್ಗಾ ಎರಡು ಚಳಿಗಾಲ ಬೆರಳು ಮರಗಟ್ಟಿಸಿಕೊಂಡು ಬರೆದ ಪುಸ್ತಕ ಅದು. ಗಿಸೆಲಾ ಗಂಡನನ್ನು ಹೊರದಿದ್ದರೆ ಇಡೀ ಪುಸ್ತಕದಲ್ಲಿ ಅವಳು ಅಳುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ.

ವಾಲ್ಬುರ್ಗಾ ದ್ರಾಕ್ಷಿ ತೋಟದವರ ಮಗಳು. ಲೇಖನಿ ಹಿಡಿಯುವ ಮೊದಲು ಎಷ್ಟೋ ಸುಗ್ಗಿಗಳ ಹಣ್ಣು ಹೊತ್ತ ಬೆನ್ನು. ಅಟ್ಟದಿಂದ ಹಳೆಯ ಬುಟ್ಟಿ ಇಳಿಸಿ, ಪಟ್ಟಿ ಬಿಗಿದು, ಒಬ್ಬ ಗಂಡಸನ್ನು ಹುಡುಕಿಕೊಂಡು ಪಕ್ಕದ ಮನೆಗೆ ಹೋದಳು. ಪೀಪಾಯಿ ಮಾಡುವ ವೆಂಡಲಿನ್ ಬುಟ್ಟಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಕೂತ್ಕೊಳ್ಳಿ ಅಂದ್ರೆ," ಅವನ ಹೆಂಡತಿ ಅಪೊಲೋನಿಯಾ ಅಂದಳು. "ಇಷ್ಟು ವರ್ಷ ಛತ್ರದಿಂದ ಮನೆಗೆ ನಾನೇ ಹೊತ್ತಿಲ್ವಾ? ಇವತ್ತೊಂದಿನ ಅವಳು ಹೊರ್ಲಿ."

"ಅದು ಕತ್ತಲಲ್ಲಿ ಕಣೆ. ಹಗಲು ಹೊತ್ತು ಮರ್ಯಾದಸ್ಥ ಹೇಗೆ ಕೂರ್ತಾನೆ?" ಎಂದವನೇ ಹೊಸ ಪೀಪಾಯಿಯೊಳಕ್ಕೆ ಇಳಿದು ಮುಚ್ಚಳ ಎಳೆದುಕೊಂಡ.

ಅಪೊಲೋನಿಯಾಳಿಗೆ ತಿಳಿದದ್ದು ಬಾವಿಕಟ್ಟೆಗೂ ತಿಳಿಯಿತು. ದಂಡಿಗೆ ಆಳು ಹಿಡಿಯುವವರು ಬಂದರೇನೋ ಎಂಬಂತೆ ಊರಿನ ಗಂಡಸರೆಲ್ಲ ಮಾಯವಾದರು. ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯ ಜೊತೆಗೇ ಕದ ಹಾಕಿಕೊಂಡ. ಚರ್ಚಿನ ಗಂಟೆ ಹೊಡೆಯುವವನು ಗೋಪುರ ಹತ್ತಿ ಏಣಿಯನ್ನೂ ಮೇಲೆಳೆದುಕೊಂಡ.

"ನಮ್ಮ ಹಂದಿ ತಗೋ," ಅಂದಳು ಅಪೊಲೋನಿಯಾ. "ತೂಕ ನಮ್ಮನೆಯವರಷ್ಟೇ. ಮಾತು ಕೊಂಚ ಕಮ್ಮಿ."

ಹಂದಿ ಛತ್ರದ ಕಿಟಕಿಯವರೆಗೆ ಬುಟ್ಟಿಯಲ್ಲಿ ಗಂಭೀರವಾಗಿ ಕೂತಿತ್ತು. ಒಳಗಿನಿಂದ ಸಾಸೇಜಿನ ವಾಸನೆ ಬಂದದ್ದೇ ತಡ, ಯಾರ ನೆನಪಾಯಿತೋ ಏನೋ, ಕಿರುಚಿಕೊಂಡು ಹಾರಿ ಓಡಿತು. ಮೂರನೆಯ ಲೋಟ ದ್ರಾಕ್ಷಾರಸ ಮುಗಿಸುತ್ತಿದ್ದ ಕ್ನಾಪ್‌ಮನ್ ಕಿಟಕಿಯಿಂದ ಇಣುಕಿದ.

"ಕಥಾನಾಯಕ ಓಡಿಹೋದ್ನಲ್ಲ, ಫ್ರಾಯ್ಲೈನ್. ಬನ್ನಿ, ಆ ದಾರಿ ಎಷ್ಟು ಕಡಿದು ಅಂತ ನಾನೇ ತೋರಿಸ್ತೀನಿ."

ಅವನು ಮುಂದೆ, ಖಾಲಿ ಬುಟ್ಟಿ ಹೊತ್ತ ಅವಳು ಹಿಂದೆ. ಗಿಸೆಲಾ ಇಳಿದುಬಂದ, ಊರ ಗುಡ್ಡದ ಮೇಲಿನ ಪಾಳುಕೋಟೆಯ ಬಾಗಿಲಲ್ಲಿ ನಿಂತು ಅವನು ಕೋಲೆತ್ತಿದ. "ನೋಡಿ, ಬರಿಗೈಲಿ ಇಳಿಯೋಕೇ ನನಗೆ..." ಅನ್ನುವಷ್ಟರಲ್ಲಿ ಗೊಬ್ಬರಕ್ಕೆಂದು ಹರಡಿದ್ದ ದ್ರಾಕ್ಷಿ ಸಿಪ್ಪೆಯ ಮೇಲೆ ಕಾಲು ಜಾರಿತು. ಕಣಕಾಲು ನೋಡನೋಡುತ್ತಲೇ ಒಲೆಯೊಳಗಿನ ಬ್ರೆಡ್ಡಿನಂತೆ ಉಬ್ಬಿತು. ಕೆಳಗೆ ಟಪಾಲು ಗಾಡಿಯ ಕಹಳೆ ಕೇಳಿಸಿತು.

"ಯಾರಾದ್ರೂ ಗಂಡಸರನ್ನ ಕೂಗಿ," ಎಂದು ನರಳಿದ.

"ಇದ್ರೆ ತಾನೆ ಕೂಗೋದು."

ಅವನು ಆಕಾಶ ನೋಡಿದ, ಗಾಡಿ ನೋಡಿದ, ಕೊನೆಗೆ ಬುಟ್ಟಿ ನೋಡಿದ.

ಮೊದಲು ವಾಲ್ಬುರ್ಗಾ ಕೋಟೆಯ ಗೋಡೆ ಹಿಡಿದುಕೊಂಡು ಎದ್ದಳು. ಆಮೇಲೆ ಬೆನ್ನಿಗೆ ಹಳೆಯದು ನೆನಪಾಯಿತು. ಹೆಜ್ಜೆ ಅಡ್ಡಡ್ಡ ಇಡುತ್ತ, ದ್ರಾಕ್ಷಿ ಬಳ್ಳಿಗಳ ಸಾಲು ಸಾಲಿಗೂ ಉಸಿರು ತೆಗೆದುಕೊಳ್ಳುತ್ತ ಇಳಿದಳು. ಬೆನ್ನ ಮೇಲೆ ಸಂಪಾದಕ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಕೋಸುಗಡ್ಡೆಯಂತೆ ಮುದುಡಿದ್ದ. ಬೀದಿಯುದ್ದಕ್ಕೂ ಹೆಂಗಸರು ಸಾಲುಗಟ್ಟಿ ನಿಂತಿದ್ದರು. ಸೇತುವೆಯ ಹತ್ತಿರ ಗಾಡಿಯ ಪಕ್ಕದಲ್ಲಿ ಅವನನ್ನು ಇಳಿಸಿದಾಗ ಅವಳಿಗೆ ಎದೆಯೂ ಹಗುರವಾಯಿತು. ಗಿಸೆಲಾ ಸುಳ್ಳಲ್ಲ.

"ಈಗ ನಂಬ್ತೀರಾ?"

"ಪೂರ್ತಿ ನಂಬ್ತೀನಿ."

"ಹಾಗಾದ್ರೆ ಅಧ್ಯಾಯ ಉಳೀತು."

ಕ್ನಾಪ್‌ಮನ್ ಸಾಲುಗಟ್ಟಿದ ಹೆಂಗಸರನ್ನು ನೋಡಿ ದನಿ ತಗ್ಗಿಸಿದ. "ಇಲ್ಲಮ್ಮ. ಕುದುರೇನೇ ಬರ್ಲಿ. ಬೆಳಿಗ್ಗೆವರೆಗೂ ಅದು ಬರೀ ಕತೆಯಾಗಿತ್ತು. ಇನ್ನು ಅಚ್ಚಾದ್ರೆ ಬುಟ್ಟಿಯಲ್ಲಿದ್ದೋನು ಯಾರು ಅಂತ ಊರೂರೂ ಹೇಳತ್ತೆ. ನನ್ನ ಹೆಂಡ್ತಿ ಪತ್ರಿಕೆಯ ಒಂದು ಸಾಲೂ ಬಿಡೋಳಲ್ಲ."

ಗಾಡಿ ಹೊರಟುಹೋಯಿತು. ವಾಲ್ಬುರ್ಗಾ ಸೊಂಟ ಹಿಡಿದುಕೊಂಡು ಅಪೊಲೋನಿಯಾಳ ಕಟ್ಟೆಯ ಮೇಲೆ ಕೂತಳು. ನಗು ಬಂತು. ಅಚ್ಚಾಗದಿದ್ದರೇನು, ಊರಿಗೆ ಊರೇ ಆ ಅಧ್ಯಾಯವನ್ನು ಓದಿಯಾಗಿತ್ತು. ಈ ಬೆನ್ನು ಮತ್ತೆ ಯಾರನ್ನೂ ಹೊರಬೇಕಾಗಿಲ್ಲ ಎಂಬುದೇ ದೊಡ್ಡ ನೆಮ್ಮದಿ.

ಪೀಪಾಯಿಯ ಮುಚ್ಚಳ ಮೆಲ್ಲಗೆ ಮೇಲೆದ್ದಿತು.

"ವಾಲ್ಬುರ್ಗಾ," ವೆಂಡಲಿನ್ ತಲೆ ಹೊರಗೆ ಹಾಕಿದ. "ಪಟ್ಟಣದ ದೊಡ್ಡ ಮನುಷ್ಯರೇ ಕೂತ್ರಂತೆ. ಇನ್ನು ನಮಗೆಂಥ ಮರ್ಯಾದೆ? ಛತ್ರದವರೆಗೆ ಬಿಡ್ತೀಯಾ?"

ಅವನ ಹಿಂದೆ, ಅರ್ಧ ಗಡ್ಡದ ಗಿರಾಕಿ ಸರದಿಯಲ್ಲಿ ನಿಂತಿದ್ದ.