ನೀರಿನ ಪಾರ್ಕಿಗೆ ಬಾಡೂಟದ ದಂಡಯಾತ್ರೆ

“ಬಾಡಿಲ್ದಿದ್ರೆ ನಾನು ಬರಾಕಿಲ್ಲ! ನೀರಾಟಕ್ಕೆ ಹೋಗಿ ಟೊಮೆಟೊ ಬಾತ್ ತಿಂದ್ಕೊಂಡು ಬರಾಕೆ ನಾನೇನು ಜ್ವರ ಬಿಟ್ಟು ಎದ್ದೋನಾ?”

“ಬರ್ಬೇಡ ಹೋಗ್ಲಾ! ನಿನ್ನ ಯಾವನು ಕರ್ದ? ಶನಿವಾರ ಬಾಡಂತೆ, ಬಾಡು! ದಾಸೊಕ್ಕಲು ಕಣ್ಲಾ ನಾವು. ಶನಿವಾರ ಬಾಡು ಮುಟ್ಟಿದ್ರೆ ತಿಮ್ಮಪ್ಪ ಸುಮ್ಕೆ ಬಿಡ್ತಾನಾ?”

“ಮತ್ತೆ ಶನಿವಾರಾನೇ ಯಾಕೆ ಮಡಗ್ದೆ? ಭಾನುವಾರ ಮಡಗು!”

“ಭಾನುವಾರ ಅಲ್ಲಿ ನೀರೇ ಕಾಣಾಕಿಲ್ಲ, ಬರೀ ತಲೆ ಕಾಣ್ತವೆ! ಆರಾಮಾಗಿ ಹೋಗಿ ಬರಾನ ಅಂತ ತಾನೇ ಕೂತಿರದು? ಆರಾಮಾಗಿ!”

ಹೀಗೆ ಆರಾಮಿನ ಹೆಸರಿನಲ್ಲಿ ರಣಭೇರಿ ಮೊಳಗಿತು.

ಎಲೈ ವಾಗ್ದೇವಿಯೇ, ವೀಣೆಯನ್ನು ಪಕ್ಕಕ್ಕೆ ಒರಗಿಸಿ ಇತ್ತ ಕಿವಿಗೊಡು. ಕಲಿಯುಗದ ಈ ಘೋರ ಗ್ರೀಷ್ಮದಲ್ಲಿ, ಸಹಸ್ರಕಿರಣನು ತಾರು ರಸ್ತೆಯನ್ನು ಮೆತ್ತಗೆ ಮಾಡಿ, ನಾಯಿಗಳನ್ನು ಚರಂಡಿಗಿಳಿಸಿ, ಎಮ್ಮೆಗಳನ್ನು ಕೆರೆಯಿಂದ ಮೇಲೇಳದಂತೆ ಮಾಡಿದ್ದ ಒಂದು ಬುಧವಾರದಂದು, ಮದ್ದೂರು ಸೀಮೆಯ ಹೆದ್ದಾರಿ ಬದಿಯ ಊರೊಂದರ ನಡುಮನೆಯಲ್ಲಿ ನಡೆದ ಭ್ರಾತೃಸಂಗ್ರಾಮವನ್ನು ಹೇಳುವ ಶಕ್ತಿಯನ್ನು ನನಗೆ ಕೊಡು. ಕೊಡದಿದ್ದರೂ ನಾನು ಹೇಳುವವನೇ.

ಒಂದು ಪಕ್ಷದಲ್ಲಿ ಪೇಷಣಯಂತ್ರಾಧಿಪತಿ, ಪಿಷ್ಟಧೂಳಿಧವಳಿತಶ್ಮಶ್ರು, ಜ್ಯೇಷ್ಠನಾದ ಚಲುವೇಗೌಡ. ಹಿಟ್ಟಿನ ಮಿಲ್ಲಿನವನು, ಮೀಸೆಯ ಮೇಲೆ ಸದಾ ಒಂದು ಪದರ ರಾಗಿಹಿಟ್ಟು. ಅಂದು ಕರೆಂಟು ಇರಲಿಲ್ಲವಾಗಿ ಮಿಲ್ಲು ನಿಂತಿತ್ತು, ಬಾಯಿ ಓಡುತ್ತಿತ್ತು. ಎದುರು ಪಕ್ಷದಲ್ಲಿ ಸಹಸ್ರಾಸನಪ್ರದಾತ, ಬೃಹತ್ಕಟಾಹಸಾರ್ವಭೌಮ, ಕನಿಷ್ಠನಾದ ಜವರಪ್ಪ. ಮದುವೆಮನೆಗಳಿಗೆ ಶಾಮಿಯಾನ, ಕುರ್ಚಿ, ಕೊಳಗಗಳನ್ನು ಬಾಡಿಗೆಗೆ ಕೊಡುವವನು. ಈ ಇಬ್ಬರೂ ಯಾವ ಊರಿಗೆ ಟೂರು ಹೊರಟರೂ ಒಲೆ, ಸೌದೆ, ಪಾತ್ರೆಗಳ ಸಮೇತವೇ ಹೊರಡುವವರು. ಹೊರಗೆ ತಿನ್ನುವುದು ತಮ್ಮ ಕುಲಕ್ಕೆ ಅವಮಾನವೆಂದು ಇಬ್ಬರೂ ನಂಬಿದ್ದರು. ಜಗಳವೆಲ್ಲ ಆ ಪಾತ್ರೆಯೊಳಗೆ ಏನು ಬೇಯಬೇಕು ಎಂಬುದಷ್ಟೇ.

ಇವರಿಬ್ಬರ ನಡುವೆ ಕಾಫಿ ಲೋಟ ಹಿಡಿದು ನಿಂತವಳು ಅಖಂಡಪಾಕಾಗ್ನಿರಕ್ಷಕಿ, ಪಾದರಕ್ಷಾರಾಶಿಪರಿಪಾಲಕಿಯಾದ ಹೊನ್ನಾಜಮ್ಮ, ಚಲುವೇಗೌಡನ ಧರ್ಮಪತ್ನಿ. ಆ ಎರಡನೆಯ ಬಿರುದು ಸುಮ್ಮನೆ ಬಂದದ್ದಲ್ಲ. ಕನ್ನಂಬಾಡಿಗೆ ಹೋದಾಗ ಕಾರಂಜಿ ನೋಡಲು ಎಲ್ಲರೂ ಓಡಿದರು, ಅವಳು ಹದಿನಾರು ಜೊತೆ ಚಪ್ಪಲಿ ಕಾದಳು. ಮೈಸೂರಿನ ಮೃಗಾಲಯಕ್ಕೆ ಹೋದಾಗ ಗೇಟಿನ ಹೊರಗೆ ಪುಳಿಯೋಗರೆಯ ಕೊಳಗ ಕಾದಳು. ಒಳಗೆ ಜಿರಾಫೆ ಇತ್ತೆಂದು ಬಂದವರು ಹೇಳಿದರು, ಅವಳು ನಂಬಿದಳು. ಈ ಸಲದ ಪಾರ್ಕಿನ ಮಾತೆತ್ತಿದ್ದೇ ಅವಳು. ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ: “ಒಂದಿನ ಒಲೆ ಹಚ್ಚಬಾರ್ದು. ಗೇಟೊಳಕ್ಕೆ ಹೋಗ್ಬೇಕು. ನೀರಲ್ಲಿ ಕಾಲು ಬಿಟ್ಕಂಡು ಕೂತ್ಕಬೇಕು.”

ಆಗ ಹೆಗಲ ವಲ್ಲಿಯನ್ನು ಉತ್ತರೀಯದಂತೆ ಬೀಸಿ ಜವರಪ್ಪನು ಗರ್ಜಿಸಿದನು:

“ಕೇಳಣ್ಣ! ಮುನ್ನೂರು ಮದ್ವೆಗೆ ಚಪ್ಪರ ಹಾಕಿದ ಕೈ ಇದು! ಮಳವಳ್ಳೀಲಿ ಬಿರುಗಾಳಿಗೆ ಬೀಗರ ಪೇಟವೆಲ್ಲ ಹಾರೋದ್ವು, ನನ್ನ ಶಾಮಿಯಾನ ಅಲ್ಲಾಡ್ಲಿಲ್ಲ! ನೂರಾಳು ಉಣ್ಣೋ ಕೊಳಗ ತತ್ತೀನಿ. ಅದ್ರಲ್ಲಿ ಟೊಮೆಟೊ ಬಾತ್ ಮಾಡಿದ್ರೆ ಕೊಳಗಾನೇ ನಾಚ್ಕತದೆ!”

ಕುರ್ಚಿಯಿಂದೆದ್ದು, ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿ, ಚಲುವೇಗೌಡನು ಪ್ರತಿಗರ್ಜಿಸಿದನು:

“ಮುಚ್ಚು ಬಾಯಿ! ಏಳೂರಿನ ರಾಗಿ ನನ್ನ ಕಲ್ಲಿನ ಕೆಳಗೆ ತಲೆ ಕೊಟ್ಟದೆ! ನಾನು ಬೀಸಿಕೊಟ್ಟ ಹಿಟ್ಟಲ್ಲಿ ಮುದ್ದೆ ತಿಂದೇ ನೀನು ಗೂಟ ಹೊಡೆಯೋಂಗಾಗಿರದು. ಶನಿವಾರ ಬಾತು ಅಂದ್ರೆ ಬಾತು!”

ಆ ಘೋಷಕ್ಕೆ ಹೆಂಚಿನ ಸಂದಿಯ ಗುಬ್ಬಿಗಳು ಹಾರಿಹೋದವು. ಪಕ್ಕದ ಮನೆಯವರು ಬ್ಯಾಟರಿ ರೇಡಿಯೊ ಸಣ್ಣಗೆ ಮಾಡಿದರು, ಚೆನ್ನಾಗಿ ಕೇಳಲಿ ಎಂದು.

ಮೂಲೆಯಲ್ಲಿ ಫೋನು ನೋಡುತ್ತಿದ್ದ ಜವರಪ್ಪನ ಹೆಂಡತಿ ಭಾಗ್ಯ ಆಗ ತಲೆಯೆತ್ತಿದಳು. “ಭಾವ, ಸುಮ್ಕೆ ಯಾಕೆ ಕಿತ್ತಾಡ್ತೀರಿ? ಹೊರಗಿನ ಊಟ ಒಳಕ್ಕೆ ಬಿಡಾಕಿಲ್ವಂತೆ. ಇಲ್ಲಿ ಬರ್ದವ್ರೆ. ಒಳಗೇ ಓಟ್ಲು ಅದಂತೆ.”

“ಓಟ್ಲಾ?” ಎಂದನು ಅಣ್ಣ.

“ಓಟ್ಲಾ?” ಎಂದನು ತಮ್ಮ.

ಸಮಾನಶತ್ರುವನ್ನು ಕಂಡೊಡನೆ ಕಾದಾಡುತ್ತಿದ್ದ ಎರಡು ಮದಗಜಗಳು ಒಂದೇ ಕಡೆ ಸೊಂಡಿಲು ತಿರುಗಿಸಿದವು. ಅರೆಗಳಿಗೆಯಲ್ಲಿ ಸಂಧಿಯಾಯಿತು, ಮಹಾವ್ಯೂಹವೊಂದು ರಚಿತವಾಯಿತು. ಪಾರ್ಕಿನ ಗೇಟಿನೆದುರು ಬೇವಿನ ಮರದಡಿ ಜವರಪ್ಪನ ಶಾಮಿಯಾನ ಏಳುವುದು. ಅದರ ಕೆಳಗೆ ಎರಡು ಒಲೆ: ಪೂರ್ವದಲ್ಲಿ ಅಣ್ಣನ ಬಾತು, ಪಶ್ಚಿಮದಲ್ಲಿ ತಮ್ಮನ ಬಾಡು. ತಿಮ್ಮಪ್ಪನ ಕಣ್ಣಿಗೆ ಬೀಳದಂತೆ ನಡುವೆ ಒಂದು ಜಮಖಾನೆಯ ಪರದೆ. ಜನ ಒಳಗೆ ಈಜಾಡಿ, ಹಸಿವಾದಾಗ ಸರದಿಯ ಮೇಲೆ ಈಚೆ ಬಂದು ಉಂಡು ಹೋಗುವುದು.

“ಒಲೆ ತಾವ್ಲಿ ಯಾರಿರ್ತಾರೆ? ಕೋತಿ ಜಾಸ್ತಿ ಅಂತವ್ರೆ,” ಎಂದಳು ಭಾಗ್ಯ.

“ಅತ್ಗೆ ಇರ್ತಾರಲ್ಲ!” ಎಂದನು ಜವರಪ್ಪ.

ಹೊನ್ನಾಜಮ್ಮ ಲೋಟವನ್ನು ಕೆಳಗಿಟ್ಟಳು. “ಮತ್ತೆ ಒಳಕ್ಕೆ ನಾನ್ಯಾವಾಗ ಹೋಗದು?”

ಏಳೂರಿನ ರಾಗಿಯನ್ನು ಸೋಲಿಸಿದವನು ಮೀಸೆ ಒರೆಸಿಕೊಂಡು ಯೋಚಿಸಿದನು. “ಆ ಜಾರೋಬಂಡೆ ಅದೆ ನೋಡು, ಮೂರಾಳುದ್ದಕ್ಕಿಂತ ಎತ್ರ ಅಂತೆ. ಹೊರಗಿಂದ್ಲೇ ಚೆನ್ನಾಗಿ ಕಾಣ್ತದೆ ಕಣೆ.”

“ನೆರಳಲ್ಲಿ ಕುರ್ಚಿ ಹಾಕ್ಸಿಕೊಡ್ತೀನಿ ಅತ್ಗೆ,” ಎಂದು ಜವರಪ್ಪ ಔದಾರ್ಯ ಮೆರೆದನು. “ಕೈ ಇರೋ ಕುರ್ಚಿ. ಮದ್ವೆ ಗಂಡ್ಗೆ ಹಾಕ್ತೀನಲ್ಲ, ಅದು.”

ಹೊನ್ನಾಜಮ್ಮ ಒಳಕ್ಕೆ ಹೋದಳು. ಇತ್ತ ಮಹಾರಥಿಗಳು ಬಾಡು ಎಂದರೆ ಕುರಿಯೋ ಕೋಳಿಯೋ ಎಂಬ ಮುಂದಿನ ಪರ್ವಕ್ಕೆ ಕಾಲಿಟ್ಟಿದ್ದರು. ತಾನು ಶನಿವಾರ ಮುಟ್ಟದ ಬಾಡಿನ ಬಗ್ಗೆಯೂ ಚಲುವೇಗೌಡನಿಗೆ ಖಚಿತ ಅಭಿಪ್ರಾಯವಿತ್ತು. ಅವಳು ಹಸಿರು ಸೀರೆಯುಟ್ಟು, ಆಧಾರ್ ಕಾರ್ಡನ್ನೂ ಡೈರಿಯ ಹಾಲಿನ ದುಡ್ಡನ್ನೂ ಒಂದು ಟವೆಲ್ಲಿನಲ್ಲಿ ಸುತ್ತಿಕೊಂಡು ಈಚೆ ಬಂದಳು. ಭಾಗ್ಯ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

“ಹೋಗಿ ಬತ್ತೀವಿ,” ಎಂದಳು ಹೊನ್ನಾಜಮ್ಮ.

“ಹ್ಞೂಂ ಹ್ಞೂಂ,” ಎಂದನು ಚಲುವೇಗೌಡ, ತಲೆಯೆತ್ತದೆ. “ಕುರಿ ಬೇಯಾಕೆ ಎರಡು ಗಂಟೆ ಬೇಕು ಕಣ್ಲಾ ಪೆದ್ದ!”

ಗೇಟು ಕಿರ್ರೆಂದಿತು. ಹತ್ತು ಗಂಟೆಯ ಸರ್ಕಾರಿ ಬಸ್ಸು ಇಬ್ಬರು ಹೆಂಗಸರನ್ನು ಟಿಕೆಟ್ಟಿಗೆ ಕಾಸು ಕೇಳದೆ ಹತ್ತಿಸಿಕೊಂಡು, ಧೂಳೆಬ್ಬಿಸಿ ಹೊರಟಿತು.

ಯುದ್ಧವು ಮಧ್ಯಾಹ್ನ ಎರಡು ಗಂಟೆಯವರೆಗೆ ಸಾಗಿತು. ಕುರಿ ಗೆದ್ದಿತು. ಆಮೇಲೆ ಕೋಳಿ ಗೆದ್ದಿತು. ಆಮೇಲೆ ಹೊಟ್ಟೆ ಚುರುಗುಟ್ಟಿತು. ವೀರರಿಬ್ಬರೂ ಅಡುಗೆಮನೆಯೊಳಕ್ಕೆ ನುಗ್ಗಿ ನೋಡಿದರೆ ಒಲೆ ತಣ್ಣಗೆ ಕೂತಿತ್ತು. ಜವರಪ್ಪ ಫೋನು ಹಚ್ಚಿದನು.

ಮೊದಲು ನೀರಿನ ಸದ್ದು. ಆಮೇಲೆ ಕಿರುಚಾಟ. ಆಮೇಲೆ ಭಾಗ್ಯಳ ದನಿ: “ಏನ್ರೀ? ಕೇಳ್ತಿಲ್ಲ! ಅಕ್ಕ ಜಾರ್ತಾವ್ಳೆ! ಆರ್ನೇ ಸಲ! ಮೇಲಿಂದ ಕೆಳಗಿನ ತಂಕ ತಿಮ್ಮಪ್ಪನ್ನೇ ಕರೀತಾವ್ಳೆ!”

“ಭಾಗ್ಯಾ, ಅವಲಕ್ಕಿ ಎಲ್ಲಿ ಮಡಗಿದ್ದೀರಿ?”

“ಹಲೋ? ಹಲೋ? ಅಯ್ಯೋ, ಅಲೆ ಬತ್ತಾದೆ, ಮಡಗ್ರೀ ಫೋನು!”

“ಏನಂತ್ಲಾ?” ಎಂದನು ಚಲುವೇಗೌಡ.

“ಅಲೆ ಬಂತಂತೆ.”

ಪೇಷಣಯಂತ್ರಾಧಿಪತಿಯೂ ಬೃಹತ್ಕಟಾಹಸಾರ್ವಭೌಮನೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಡಬ್ಬಿಯ ಮುಚ್ಚಳ ಬಿಚ್ಚತೊಡಗಿದರು. ಮೆಂತ್ಯ. ಹುಣಸೆಹಣ್ಣು. ಸೋಪಿನ ಪುಡಿ. ಹದಿನಾಲ್ಕನೆಯದರಲ್ಲಿ ಕಡ್ಲೆಪುರಿ ಸಿಕ್ಕಿತು, ಮೆತ್ತಗಾಗಿತ್ತು. ಇಬ್ಬರೂ ಅದನ್ನೇ ಹಂಚಿಕೊಂಡು ತಿಂದರು.

ಐದು ಗಂಟೆಯ ಬಸ್ಸು ಬಂತು, ನಿಂತಿತು, ಹೊರಟಿತು. ಅದರಿಂದ ಭಾಗ್ಯಳೂ ಇಳಿಯಲಿಲ್ಲ, ಹೊನ್ನಾಜಮ್ಮನೂ ಇಳಿಯಲಿಲ್ಲ.